ಹೆರಿಗೆ ವಾರ್ಡು ಯಾರದು, ಕೇಳಿದ್ದು ಯಾರನ್ನ?



ಪೋಸ್ಟ್ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡಿಕೊಂಡು ಪೂರ್ತಿ ಓದಿ. ಅರ್ಧ ಓದಿ ಕಮೆಂಟ್ ಹಾಕಬೇಡಿ ಅಂತ ಕೇಳ್ಕೋತೀನಿ. ಯಾಕಂದ್ರೆ ಮೊದಲರ್ಧ ಮಾತ್ರ ಓದಿದೋರು ಇವನು ಸರ್ಕಾರದ ಪರ ವಕಾಲತ್ತು ವಹಿಸ್ತಾವನೆ ಅಂತೀರ, ಕೊನೆ ಮಾತ್ರ ಓದಿದೋರು ಇವನಿಗೆ ಸರ್ಕಾರ ಏನು ಮಾಡಿದ್ರೂ ತಪ್ಪೇ ಅಂತೀರ. ಎರಡೂ ಅಲ್ಲ.

ವಿಷಯ ನಮ್ಮ ಹೋಬಳಿ ಆಸ್ಪತ್ರೆಯದು. ಕಾಗದದ ಮೇಲೆ ಅದರ ಹೆಸರು ಸಮುದಾಯ ಆರೋಗ್ಯ ಕೇಂದ್ರ. 30 ಹಾಸಿಗೆ. ಇಂಥ ಒಂದು ಕೇಂದ್ರ ಬಯಲುಸೀಮೆಯಲ್ಲಿ ಸುಮಾರು 1,20,000 ಜನಕ್ಕೆ ಅನ್ನೋದು ಕೇಂದ್ರ ಸರ್ಕಾರ ಹಾಕಿಕೊಟ್ಟಿರುವ ಮಾನದಂಡ. ಅಲ್ಲಿದ್ದ ಹೆರಿಗೆ ತಜ್ಞೆ, ಅರಿವಳಿಕೆ ಡಾಕ್ಟ್ರು, ಮಕ್ಕಳ ಡಾಕ್ಟ್ರು, ಮೂರೂ ಜನರನ್ನ ತಾಲ್ಲೂಕು ಆಸ್ಪತ್ರೆಗೆ ನಿಯೋಜನೆ ಮಾಡಿ ಆದೇಶ ಆಯ್ತು. ಅಂದ್ರೆ ಇಲ್ಲಿ ಸಿಸೇರಿಯನ್ ನಿಂತುಹೋಯ್ತು.

ಇದು ನಮಗೆ ಗೊತ್ತಾಗಿದ್ದು ಹೇಗೆ ಗೊತ್ತಾ? ಆಸ್ಪತ್ರೆ ಗೋಡೆಗೆ ಒಂದು ನೋಟಿಸ್ ಅಂಟಿಸಿರಲಿಲ್ಲ. ಗ್ರಾಮ ಪಂಚಾಯ್ತಿಗೆ ಒಂದು ಪತ್ರ ಬಂದಿರಲಿಲ್ಲ. ಥಿಯೇಟರಿನ ಟೇಬಲ್ಲು, ಲೈಟು, ಮಿಷನ್ನು ಟೆಂಪೋಗೆ ಹೇರ್ತಿದ್ದಾಗ ಅಲ್ಲಿ ಕಸ ಗುಡಿಸೋ ನಮ್ಮ ಕೇರಿ ಅಕ್ಕ ಫೋನ್ ಮಾಡಿದ್ರು. "ಅಣ್ಣ, ಥಿಯೇಟ್ರು ಸಾಮಾನೆಲ್ಲ ತಕ್ಕೊಂಡೋಯ್ತಾವ್ರೆ. ನಮ್ ಕೆಲ್ಸ ಇರ್ತದಾ, ಓಯ್ತದಾ?" ಅಂದ್ರು. ಹೋಬಳಿಯಲ್ಲಿ ಈ ಸುದ್ದಿ ಮೊದಲು ಕೇಳಿದ್ದೇ ಅವರು. ಅದೂ ಯಾರೂ ಹೇಳಿದ್ದಲ್ಲ, ಕಣ್ಣಲ್ಲಿ ನೋಡಿ ತಿಳಿದದ್ದು.

ಆ ಆಸ್ಪತ್ರೆ ಎಲ್ಲಿದೆ ಅನ್ನೋದನ್ನೂ ಹೇಳಬೇಕು. ಊರೊಳಗೆ ದೇವಸ್ಥಾನದ ಪಕ್ಕ ಜಾಗ ಕೊಡ್ತೀವಿ ಅಂದವರು ಕಡೆಗೆ ಕೊಡಲಿಲ್ಲ. ಸರ್ಕಾರಿ ಜಾಗ ಸಿಕ್ಕಿದ್ದು ನಮ್ಮ ಕೇರಿಯ ಪಕ್ಕದ ಗೋಮಾಳದಲ್ಲಿ. ಅಲ್ಲೇ ಕಟ್ಟಿದ್ರು. ಅದನ್ನ ಕಟ್ಟಿಸೋಕೆ ನಮ್ಮ ಹಿರೀಕರು ತಾಲ್ಲೂಕು ಕಚೇರಿ ಮುಂದೆ ತಮಟೆ ಬಡ್ಕೊಂಡು ಕೂತಿದ್ರು. ಕಟ್ಟಿದ ಮೇಲೆ ಮೇಲ್ಗೇರಿಯವರು ವರ್ಷಗಟ್ಟಲೆ ಅದನ್ನ "ಕೇರಿ ಆಸ್ಪತ್ರೆ" ಅಂತ ಕರೆದು, ತಮ್ಮ ಮನೆ ಹೆಣ್ಣುಮಕ್ಕಳನ್ನ ಪೇಟೆ ನರ್ಸಿಂಗ್ ಹೋಮಿಗೆ ಕರ್ಕೊಂಡು ಹೋಗ್ತಿದ್ರು. ನಮ್ಮವ್ವ ನನ್ನನ್ನ ಹೆತ್ತಿದ್ದು ಗುಡಿಸಲಲ್ಲಿ. ನನ್ನ ತಂಗಿ ಹೆತ್ತಿದ್ದು ಅದೇ ಆಸ್ಪತ್ರೆಯಲ್ಲಿ. ಒಂದು ತಲೆಮಾರಿನಲ್ಲಿ ನಮಗೆ ಸಿಕ್ಕ ಸೌಕರ್ಯ ಅದು.

ಬಾಬಾಸಾಹೇಬರು 1928ರಲ್ಲೇ ಮುಂಬೈ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆ ಮಸೂದೆಯ ಪರವಾಗಿ ಮಾತಾಡಿದ್ದರು. ದುಡಿಯುವ ಹೆಂಗಸಿಗೆ ಹೆರಿಗೆ ಹಿಂದೆ ಮುಂದೆ ವಿಶ್ರಾಂತಿ ಸಿಗೋದು ಇಡೀ ದೇಶದ ಹಿತ ಅಂತ ವಾದ ಮಾಡಿದ್ದರು. ಆದ್ದರಿಂದ ಹೆರಿಗೆ ವಾರ್ಡು ದಲಿತ ಚಳವಳಿಗೆ ಸಂಬಂಧಪಡದ ವಿಷಯ ಅಂತ ಯಾರೂ ಹೇಳಬೇಡಿ.

ಈಗ ಸರ್ಕಾರದ ಮಾತು. ಅದನ್ನ ಸರಿಯಾಗಿ ಕೇಳಿಸಿಕೊಳ್ಳಬೇಕು, ಯಾಕಂದ್ರೆ ಅದರಲ್ಲಿ ಸತ್ಯ ಇದೆ.

2018-20ರ ಲೆಕ್ಕದಲ್ಲಿ ಕರ್ನಾಟಕದಲ್ಲಿ 1 ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸಾಯ್ತಿದ್ರು. ಅದೇ ಲೆಕ್ಕದಲ್ಲಿ ತಮಿಳುನಾಡು 54, ಆಂಧ್ರ 45, ತೆಲಂಗಾಣ 43, ಕೇರಳ 19. ದಕ್ಷಿಣದ ಐದು ರಾಜ್ಯಗಳಲ್ಲಿ ನಾವೇ ಕೊನೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಇಡೀ ರಾಜ್ಯ ಬೆಚ್ಚಿಬಿತ್ತು. ಅದಾದ ಮೇಲೆ ಹೆರಿಗೆ ಕಡಿಮೆ ಇರುವ ಹೋಬಳಿ ಕೇಂದ್ರಗಳ ತಜ್ಞರನ್ನ ತಾಲ್ಲೂಕು ಆಸ್ಪತ್ರೆಗಳಲ್ಲಿ ಒಟ್ಟು ಸೇರಿಸಿ, ಅಲ್ಲಿ ಹಗಲು ರಾತ್ರಿ ಸೇವೆ ಕೊಡಬೇಕು ಅನ್ನೋ ಆಲೋಚನೆಗೆ ಬಲ ಬಂತು.

ಹೋದ ಡಾಕ್ಟ್ರಮ್ಮನೇ ನನಗೆ ಹೇಳಿದ್ರು. "ನೋಡಿ, ನಾನೊಬ್ಬಳೇ. ರಾತ್ರಿ ಎರಡು ಗಂಟೆಗೆ ಕೇಸು ಬಂದ್ರೆ ನಾನು ಎದ್ದು ಬರ್ತೀನಿ. ಅರಿವಳಿಕೆ ಡಾಕ್ಟ್ರು ರಜೆಯಲ್ಲಿದ್ರೆ ನಾನು ಬಂದು ಏನು ಮಾಡ್ಲಿ? ರಕ್ತ ಬೇಕಾದ್ರೆ ತಾಲ್ಲೂಕಿಗೇ ಓಡಬೇಕು. ಇಲ್ಲಿ ಬೋರ್ಡಿದೆ ಅಂತ ಜನ ನಂಬ್ಕೊಂಡು ಬರ್ತಾರೆ, ಒಂದು ಗಂಟೆ ಇಲ್ಲೇ ಕಳೀತಾರೆ. ಆ ಒಂದು ಗಂಟೆಯಲ್ಲೇ ಜೀವ ಹೋಗೋದು." ಈ ಮಾತನ್ನ ನಾನು ತಳ್ಳಿಹಾಕಲ್ಲ. ಬಾಗಿಲ ಮೇಲೆ ಬೋರ್ಡಿದ್ದು ಒಳಗೆ ಡಾಕ್ಟ್ರಿಲ್ಲದ ಆಸ್ಪತ್ರೆ ನಮಗೆ ಬೇಡ.

ತಾಯಂದಿರ ಸಾವಿನ ಬಗ್ಗೆ ಕೆಲಸ ಮಾಡೋರು ಮೂರು ತಡಗಳ ಲೆಕ್ಕ ಹೇಳ್ತಾರೆ. ಮೊದಲನೇದು, ಆಸ್ಪತ್ರೆಗೆ ಹೋಗೋಣ ಅಂತ ಮನೆಯಲ್ಲಿ ತೀರ್ಮಾನ ಆಗೋ ತಡ. ಎರಡನೇದು, ದಾರಿಯಲ್ಲಿ ಆಗೋ ತಡ. ಮೂರನೇದು, ಆಸ್ಪತ್ರೆ ಬಾಗಿಲು ಮುಟ್ಟಿದ ಮೇಲೆ ಚಿಕಿತ್ಸೆ ಸಿಗೋಕೆ ಆಗೋ ತಡ. ಡಾಕ್ಟ್ರನ್ನೆಲ್ಲ ತಾಲ್ಲೂಕಿನಲ್ಲಿ ಸೇರಿಸಿದ್ರೆ ಮೂರನೇ ತಡ ಕಮ್ಮಿ ಆಗ್ತದೆ, ಒಪ್ಪೋಣ. ಆದರೆ ಎರಡನೇ ತಡ ಜಾಸ್ತಿ ಆಗ್ತದೆ. ಅಷ್ಟು ದೂರ ಯಾಕೆ, ನೋಡೋಣ ಬೆಳಗಾಗ್ಲಿ ಅಂತ ಮನೆಯವರು ಕೂತ್ರೆ ಮೊದಲನೇ ತಡವೂ ಜಾಸ್ತಿ ಆಗ್ತದೆ. ಮೂರನೇ ತಡದ ಲೆಕ್ಕ ಇಲಾಖೆಯ ಫೈಲಿನಲ್ಲಿರ್ತದೆ. ಮೊದಲ ಎರಡರ ಲೆಕ್ಕ ಇರೋದು ಕೇರಿ ಹೆಂಗಸರ ಹತ್ತಿರ. ಅವರನ್ನ ಕೇಳದೆ ಮಾಡಿದ ತೀರ್ಮಾನದಲ್ಲಿ ಲೆಕ್ಕದ ಮುಕ್ಕಾಲು ಪಾಲು ಬಿಟ್ಟುಹೋಗಿರ್ತದೆ. ನಾನು ಈ ಪೋಸ್ಟಿನಲ್ಲಿ ಹೇಳ್ತಿರೋದು ಇಷ್ಟೇ.

"ಕೇಳಿದೀವಲ್ರೀ, ಸಮಿತಿ ಇದೆಯಲ್ಲ" ಅಂದ್ರು ಒಬ್ಬ ಅಧಿಕಾರಿ. ಹೌದು, ಸಮಿತಿ ಇದೆ. ಸರ್ಕಾರಿ ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಇರ್ತದೆ. ಹಳ್ಳಿ ಮಟ್ಟದಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇರ್ತದೆ, ಅದಕ್ಕೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿಯೂ ಇದೆ. ಇವುಗಳಲ್ಲಿ ಮಹಿಳೆಯರಿಗೂ ಪರಿಶಿಷ್ಟರಿಗೂ ಜಾಗ ಇಟ್ಟಿದ್ದಾರೆ. ಕಾಗದದ ಮೇಲೆ ಎಲ್ಲಾ ಚೆನ್ನಾಗಿದೆ.

ನಮ್ಮ ಸಮಿತಿಯಲ್ಲಿರೋ ಪರಿಶಿಷ್ಟ ಸದಸ್ಯ ಯಾರು ಅಂತ ವಿಚಾರಿಸಿದೆ. ನಮ್ಮವನೇ, ಮುಖಂಡರ ಹಿಂದೆ ಓಡಾಡೋ ಹುಡುಗ, ಸಣ್ಣಪುಟ್ಟ ಕಂಟ್ರಾಕ್ಟ್ ಮಾಡ್ತಾನೆ. "ಮೀಟಿಂಗ್ ಯಾವಾಗ ನಡೀತಪ್ಪ?" ಅಂದೆ. "ಅಣ್ಣ, ಪುಸ್ತಕ ಮನೆಗೇ ತರ್ತಾರೆ, ಸೈನ್ ಹಾಕ್ತೀನಿ" ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನನ್ನ ಆ ಜಾಗದಲ್ಲಿ ಕೂರಿಸಿದ್ದೇ ಸೈನಿಗೋಸ್ಕರ. ನಡಾವಳಿ ಪುಸ್ತಕದಲ್ಲಿ ಏನಿತ್ತು ಅಂತ ನೋಡಿದ್ರೆ ಯುಪಿಎಸ್ ಬ್ಯಾಟರಿ ರಿಪೇರಿ, ಫಿನಾಯಿಲ್ ಖರೀದಿ, ಗೇಟಿಗೆ ಬಣ್ಣ. ಹೆರಿಗೆ ವಿಭಾಗದ ವಿಚಾರ ಒಂದು ಸಾಲೂ ಇಲ್ಲ. ಫಿನಾಯಿಲಿಗೆ ನಮ್ಮ ಒಪ್ಪಿಗೆ ಬೇಕು, ಥಿಯೇಟರ್ ಎತ್ತೋಕೆ ಬೇಡ.

"ಸಾರ್ವಜನಿಕ" ಅನ್ನೋ ಪದ ಕೇಳಿದ ಕೂಡಲೇ ನಮ್ಮ ಜನಕ್ಕೆ ಅನುಮಾನ ಬರೋದು ಸುಮ್ಮನೆ ಅಲ್ಲ. ಸಾರ್ವಜನಿಕ ಕೆರೆ, ಬಾವಿ, ಶಾಲೆ, ಆಸ್ಪತ್ರೆಗಳನ್ನ ಅಸ್ಪೃಶ್ಯರೂ ಬಳಸಬಹುದು ಅಂತ ಮುಂಬೈ ಶಾಸನ ಪರಿಷತ್ತು 1923ರಲ್ಲೇ ಠರಾವು ಮಾಡಿತ್ತು. ಮಹಾಡದ ಪುರಸಭೆ 1924ರಲ್ಲಿ ತನ್ನ ಕೆರೆಯನ್ನ ಎಲ್ಲರಿಗೂ ತೆರೆದಿದ್ದೇವೆ ಅಂತ ತೀರ್ಮಾನ ಬರೆದುಕೊಂಡಿತ್ತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಅಲ್ಲಿಗೆ ನಡೆದುಹೋಗಿ ನೀರು ಮುಟ್ಟೋ ತನಕ ಆ ಠರಾವು ಠರಾವಾಗಿಯೇ ಉಳಿದಿತ್ತು. ಪುಸ್ತಕದಲ್ಲಿ ನಮಗೆ ಜಾಗ ಇದೆ ಅನ್ನೋದಕ್ಕೂ ನಿಜವಾಗಿ ಜಾಗ ಇದೆ ಅನ್ನೋದಕ್ಕೂ ನಡುವೆ ಎಷ್ಟು ದೂರ ಅಂತ ನಮಗೆ ನೂರು ವರ್ಷದಿಂದ ಗೊತ್ತು.

ಇನ್ನು ಹೋರಾಟದ ವಿಚಾರ. ಇಲ್ಲಿ ಕೆಲವು ಗೆಳೆಯರಿಗೆ ಬೇಜಾರಾಗಬಹುದು.

ಸುದ್ದಿ ಹರಡಿದ ವಾರದಲ್ಲೇ ಹೋಬಳಿ ಬಂದ್‌ಗೆ ಕರೆ ಕೊಟ್ಟರು. ಅಂಗಡಿ ಮುಚ್ಚಿದ್ವು, ಟೈರ್ ಸುಟ್ಟರು, ಎರಡು ಗಂಟೆ ರಸ್ತೆ ತಡೆ ಆಯ್ತು. ವೇದಿಕೆ ಮೇಲೆ ಯಾರಿದ್ರು? ವರ್ತಕರ ಸಂಘದವರು, ಮೆಡಿಕಲ್ ಸ್ಟೋರ್‌ನವರು, ಎರಡೂ ಪಕ್ಷದ ಮುಖಂಡರು, ಒಂದಿಬ್ಬರು ರೈತ ಮುಖಂಡರು. ಎಲ್ಲರೂ ಗಂಡಸರು. ಅವರ ಪೈಕಿ ಒಬ್ಬರ ಸೊಸೆಯಾದ್ರೂ ಆ ಆಸ್ಪತ್ರೆಯಲ್ಲಿ ಹೆತ್ತಿದ್ದರೆ ಹೇಳಿ. ಅವರ ಭಾಷಣದಲ್ಲಿ ಇದ್ದದ್ದು "ನಮ್ಮ ಹೋಬಳಿಗೆ ಅವಮಾನ", "ನಮ್ಮ ಹೋಬಳಿ ಹಿಂದಕ್ಕೆ ಹೋಯ್ತು" ಅನ್ನೋ ಮಾತು. ವ್ಯಾಪಾರ ಹೋಗ್ತದೆ ಅನ್ನೋ ಅವರ ಆತಂಕ ಸುಳ್ಳಲ್ಲ. ಆದರೆ ರಾತ್ರಿ ಹೊತ್ತು ನೋವು ಬಂದ ಹೆಂಗಸು ತಾಲ್ಲೂಕಿಗೆ ಹೇಗೆ ಹೋಗ್ತಾಳೆ ಅನ್ನೋದನ್ನ ಮೈಕಿನಲ್ಲಿ ಒಬ್ಬರೂ ಎತ್ತಲಿಲ್ಲ. ನಮ್ಮ ಕೇರಿ ಹುಡುಗರು ಟೈರ್ ತಂದುಕೊಟ್ಟರು, ತಮಟೆ ಬಡಿದರು. ಬೇಡಿಕೆ ಪತ್ರ ಬರೆಯೋವಾಗ ಅವರನ್ನ ಯಾರೂ ಕರೀಲಿಲ್ಲ.

ಸರ್ಕಾರ ಕೇಳದೆ ಮುಚ್ಚಿತು, ಹೋರಾಟ ಸಮಿತಿ ಕೇಳದೆ ತೆಗೀರಿ ಅಂತು. ಆ ಹಾಸಿಗೆ ಮೇಲೆ ಮಲಗೋ ಹೆಂಗಸನ್ನ ಎರಡೂ ಕಡೆಯವರು ಕೇಳಲಿಲ್ಲ.

ಹಾಗಾಗಿ ನಾವು ಕೆಲವರು ಕೇರಿಯಲ್ಲೇ ಸಭೆ ಕರೆದ್ವಿ. ಅಂಬೇಡ್ಕರ್ ಭವನದಲ್ಲಿ, ರಾತ್ರಿ ಎಂಟೂವರೆಗೆ. ಆ ಹೊತ್ತೇ ಯಾಕೆ ಅಂದ್ರೆ ಕೂಲಿಯಿಂದ ಬಂದು, ಮುದ್ದೆ ತಿರುವಿ, ಮಕ್ಕಳಿಗೆ ಉಣ್ಣಕ್ಕಿಟ್ಟು ಹೆಂಗಸರು ಬಿಡುವಾಗೋದೇ ಆಗ. ಬೆಳಿಗ್ಗೆ ಹನ್ನೊಂದಕ್ಕೆ ಪಂಚಾಯ್ತಿ ಆಫೀಸಲ್ಲಿ ಸಭೆ ಇಟ್ಟು, ಯಾರೂ ಬರಲಿಲ್ಲ, ಆಸಕ್ತಿ ಇಲ್ಲ ಅಂತ ಬರೆಯೋ ಅಧಿಕಾರಿಗಳು ಇದನ್ನ ಗಮನಿಸಬೇಕು. ಒಂದು ದಿನದ ಕೂಲಿ ಬಿಟ್ಟು ಅಭಿಪ್ರಾಯ ಹೇಳೋಕೆ ಬಾ ಅಂದ್ರೆ ಯಾರು ಬರ್ತಾರೆ? ನಲವತ್ತಕ್ಕೂ ಹೆಚ್ಚು ಜನ ಹೆಂಗಸರು ಬಂದ್ರು. ಅಕ್ಕಪಕ್ಕದ ಎರಡು ಹಟ್ಟಿಯವರೂ ಬಂದ್ರು. ಆಶಾ ಅಕ್ಕ ಗಂಡಸರನ್ನೆಲ್ಲ ಹೊರಗೆ ಕಳಿಸಿ, ಬರೆದುಕೊಳ್ಳೋಕೆ ಅಂತ ನನ್ನೊಬ್ಬನನ್ನ ಮೂಲೆಯಲ್ಲಿ ಕೂರಿಸಿದ್ರು.

ಅವರು ಹೇಳಿದ್ದರಲ್ಲಿ ಮುಖ್ಯವಾದದ್ದನ್ನ ಇಲ್ಲಿ ಬರೀತೀನಿ.

ತಾಲ್ಲೂಕಿಗೆ ಕೊನೇ ಬಸ್ಸು ಸಂಜೆ ಏಳೂವರೆಗೆ. ಆಮೇಲೆ 108 ಒಂದೇ ದಿಕ್ಕು. 2008ರಲ್ಲಿ 108 ಬಂದ ಮೇಲೆ ಎಷ್ಟೋ ಜೀವ ಉಳಿದಿದೆ, ಅದನ್ನ ಎಲ್ಲಾ ಹೆಂಗಸರೂ ಹೇಳಿದ್ರು. ಆದರೆ ನಮ್ಮ ಕಡೆಯ ಗಾಡಿ ನಿಲ್ಲೋದು ತಾಲ್ಲೂಕಿನಲ್ಲಿ. "ಅದು ಅಲ್ಲಿಂದ ಇಲ್ಲಿಗೆ ಬರಬೇಕು, ಇಲ್ಲಿಂದ ಅಲ್ಲಿಗೆ ಹೋಗಬೇಕು. ನೋವು ತಿನ್ನೋಳಿಗೆ ಎರಡು ದಾರಿ ಆಯ್ತಲ್ಲ ಮಗ" ಅಂದ್ರು ಒಬ್ಬ ಅಜ್ಜಿ. ಡಾಕ್ಟ್ರು ತಾಲ್ಲೂಕಿಗೆ ಹೋದ್ರು ಅಂದ್ರೆ ಗಾಡಿ ಹೋಬಳಿಗೆ ಬರಬೇಕು. ಇದು ಓದು ಬರದ ಅಜ್ಜಿಗೆ ಒಂದು ನಿಮಿಷದಲ್ಲಿ ಹೊಳೀತು.

ಇನ್ನೊಬ್ಬಳು ಹೇಳಿದ್ದು ಜೊತೆಗೆ ಹೋಗೋರ ಕಷ್ಟ. "ಇಲ್ಲಾದ್ರೆ ಮನೆಯಿಂದ ಮುದ್ದೆ ಸಾರು ತಕ್ಕೊಂಡೋಗಿ ಕೊಟ್ಟು ಕೂಲಿಗೆ ಹೋಗ್ತೀವಿ. ಅಲ್ಲಿ ಮೂರು ದಿನ ಅಂದ್ರೆ ಅತ್ತೆ ಕೂಲಿನೂ ಹೋಯ್ತು, ಗಂಡನ ಕೂಲಿನೂ ಹೋಯ್ತು. ಮನೇಲಿರೋ ಮಗೂನ ಯಾರು ನೋಡ್ತಾರೆ?" 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಜಾರಿಯಲ್ಲಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಬಾಣಂತಿ ಊಟ, ಮನೆಯಿಂದ ಕರ್ಕೊಂಡು ಹೋಗಿ ವಾಪಸ್ ಬಿಡೋ ಗಾಡಿ ಎಲ್ಲಾ ಉಚಿತ ಅಂತ ಇದೆ. ಬಾಣಂತಿ ಜೊತೆ ಹೋದವರ ಊಟ, ನಿದ್ದೆ, ಹೋದ ಕೂಲಿ ಆ ಪಟ್ಟಿಯಲ್ಲಿ ಇಲ್ಲ.

ಮೂರನೇ ಮಾತು ಜಾತಿಯದು. "ಇಲ್ಲಿ ನರ್ಸಮ್ಮನಿಗೆ ನಮ್ಮ ಹೆಸರು ಗೊತ್ತು. ಅಲ್ಲಿ ಮೊದಲು ಯಾವೂರು ಅಂತಾರೆ. ಆಮೇಲೆ ಊರಲ್ಲಿ ಯಾವ ಬೀದಿ ಅಂತಾರೆ. ಬೀದಿ ಹೇಳಿದ ಮೇಲೆ ಮಾತಾಡೋ ಧಾಟಿನೇ ಬೇರೆ ಆಗ್ತದೆ." ಈ ಮಾತು ಬಂದಾಗ ಭವನದಲ್ಲಿ ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ, ಆಮೇಲೆ ಒಬ್ಬೊಬ್ಬರೇ ತಮ್ಮದನ್ನ ಹೇಳೋಕೆ ಶುರು ಮಾಡಿದ್ರು. ಗಂಡು ಮಗು ಆದ್ರೆ ಇಷ್ಟು, ಹೆಣ್ಣಾದ್ರೆ ಇಷ್ಟು ಅಂತ ಕೈ ಚಾಚಿದ್ದು, ಕೊಡದಿದ್ರೆ ಬಟ್ಟೆ ಬದಲಾಯಿಸದೆ ಬಿಟ್ಟದ್ದು. ಸೇವೆಯನ್ನ ಒಂದು ಕಡೆಯಿಂದ ಇನ್ನೊಂದು ಕಡೆಗೆ ವರ್ಗಾಯಿಸೋದು ಇಲಾಖೆಗೆ ಒಂದು ಆದೇಶದ ಕೆಲಸ. ನಮಗೆ ಪರಿಚಯದ ಮುಖಗಳನ್ನ ಬಿಟ್ಟು ಅಪರಿಚಿತರ ಮುಂದೆ ಮತ್ತೆ ಬೀದಿ ಹೆಸರು ಹೇಳೋ ಕೆಲಸ.

ನಾಲ್ಕನೇ ಮಾತು ಇದಕ್ಕೆ ಉಲ್ಟಾ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿನ ಹುಡುಗಿ ಎದ್ದು ನಿಂತು, "ಡಾಕ್ಟ್ರು ಅಲ್ಲಿಗೆ ಹೋಗಿದ್ದೇ ಒಳ್ಳೇದಾಯ್ತು" ಅಂದಳು. ಮೊದಲ ಹೆರಿಗೆಯಲ್ಲಿ ಅವಳಿಗೆ ರಕ್ತ ನಿಲ್ಲಲಿಲ್ಲ. ಇಲ್ಲಿಂದ ತಾಲ್ಲೂಕಿಗೆ, ತಾಲ್ಲೂಕಿಂದ ಜಿಲ್ಲೆಗೆ ಕರ್ಕೊಂಡು ಹೋಗಿ ಬದುಕಿಸಿದ್ರು. "ಇಲ್ಲಿ ಕಾದಿದ್ದೇ ದಂಡ. ನೇರ ಹೋಗಿದ್ರೆ ಅಷ್ಟು ಆಗ್ತಿರಲಿಲ್ಲ." ಕೆಲವರು ಅವಳ ಮೇಲೆ ರೇಗಿದ್ರು. ಆಶಾ ಅಕ್ಕ ಅವರನ್ನ ಸುಮ್ಮನಾಗಿಸಿ ಅವಳ ಮಾತನ್ನೂ ಬರೆಸಿದ್ರು. ಕೇರಿ ಅಂದ್ರೆ ಒಂದೇ ಅಭಿಪ್ರಾಯ, ಒಬ್ಬ ಲೀಡರನ್ನ ಕೇಳಿದ್ರೆ ಮುಗೀತು ಅಂತ ತಿಳ್ಕೊಂಡಿರೋರಿಗೆ ಇದು ಗೊತ್ತಿರಲಿ.

ಆ ರಾತ್ರಿ ಹನ್ನೊಂದರ ತನಕ ಮಾತಾಡಿ ಐದು ಬೇಡಿಕೆ ಬರೆದ್ವಿ. ಒಂದು, ತೊಂದರೆ ಇಲ್ಲದ ಹೆರಿಗೆ ನರ್ಸಮ್ಮಂದಿರ ಕೈಯಲ್ಲಿ ಇಲ್ಲೇ ಹಗಲು ರಾತ್ರಿ ಮುಂದುವರೀಬೇಕು. ಎರಡು, ಒಂದು ಆಂಬ್ಯುಲೆನ್ಸ್ ರಾತ್ರಿ ಹೊತ್ತು ಹೋಬಳಿಯಲ್ಲೇ ನಿಲ್ಲಬೇಕು. ಮೂರು, ತಜ್ಞೆ ವಾರಕ್ಕೆ ಎರಡು ದಿನ ಇಲ್ಲಿಗೆ ಬಂದು ಗರ್ಭಿಣಿಯರನ್ನ ನೋಡಬೇಕು, ಯಾರಿಗೆ ತೊಂದರೆ ಆಗಬಹುದು ಅಂತ ತಾಯಿ ಕಾರ್ಡಿನಲ್ಲಿ ಮುಂಚೆನೇ ಬರೀಬೇಕು. ನಾಲ್ಕು, ಅಂಥವರು ದಿನ ಹತ್ತಿರ ಬಂದಾಗ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲೇ ಹೋಗಿ ಉಳಿಯೋಕೆ ಕೋಣೆ, ಜೊತೆಗಿರೋ ಒಬ್ಬರಿಗೆ ಊಟ. ಐದು, ಈ ಬದಲಾವಣೆ ಯಾಕೆ ಮಾಡಿದ್ರಿ ಅಂತ ಬರೆದು ಕೊಡಬೇಕು, ಆರು ತಿಂಗಳಾದ ಮೇಲೆ ಎಷ್ಟು ಜನರನ್ನ ಕಳಿಸಿದ್ರಿ, ದಾರಿಯಲ್ಲಿ ಎಷ್ಟು ಹೆರಿಗೆ ಆಯ್ತು ಅನ್ನೋ ಲೆಕ್ಕವನ್ನ ಇದೇ ಭವನಕ್ಕೆ ಬಂದು ಓದಬೇಕು.

ಗಮನಿಸಿ, "ಡಾಕ್ಟ್ರನ್ನ ವಾಪಸ್ ಕಳಿಸಿ" ಅನ್ನೋದು ಪಟ್ಟಿಯಲ್ಲಿ ಇಲ್ಲ. ಅದಕ್ಕೇ ಬಂದ್ ಮಾಡಿದ ಮುಖಂಡರು "ನೀವು ಹೋರಾಟ ಒಡೀತಿದೀರ" ಅಂತ ನನ್ನ ಮೇಲೆ ಕೂಗಾಡಿದ್ರು. ನಾನು ಹೇಳಿದ್ದು, "ಅಣ್ಣಾ, ಹೆರೋರು ಏನು ಕೇಳಿದಾರೋ ಅದನ್ನ ಬರೆದಿದೀವಿ. ನಿಮಗೆ ಬೇರೆ ಬೇಕಾದ್ರೆ ನೀವು ಬೇರೆ ಕೊಡಿ."

ಒಂದೂವರೆ ತಿಂಗಳು ಅಲೆದ ಮೇಲೆ ಜಿಲ್ಲೆಯ ಅಧಿಕಾರಿಯೊಬ್ಬರು ಕೂತು ಓದಿದ್ರು. ಒಳ್ಳೇ ಮನುಷ್ಯ. ಆಂಬ್ಯುಲೆನ್ಸ್ ಎಲ್ಲಿ ನಿಲ್ತದೆ, ಕೊನೇ ಬಸ್ಸು ಎಷ್ಟು ಹೊತ್ತಿಗೆ ಅನ್ನೋದನ್ನ ನಾವು ನೋಡಿರಲಿಲ್ಲ ಅಂತ ಅವರೇ ಒಪ್ಪಿದ್ರು. ಹೆರಿಗೆ ಸಂಖ್ಯೆ, ಡಾಕ್ಟ್ರ ಸಂಖ್ಯೆ, ಕಟ್ಟಡ, ಇಷ್ಟು ನೋಡಿ ತೀರ್ಮಾನ ಆಗಿತ್ತು. ಈಗಿನ ಸ್ಥಿತಿ ಹೇಳ್ತೀನಿ. ನರ್ಸಮ್ಮಂದಿರ ಹೆರಿಗೆ ಮುಂದುವರಿದಿದೆ. ತಜ್ಞೆ ವಾರಕ್ಕೊಂದು ದಿನ ಬರ್ತಾರೆ, ನಾವು ಕೇಳಿದ್ದು ಎರಡು. ಆಂಬ್ಯುಲೆನ್ಸ್ "ಪರಿಶೀಲನೆಯಲ್ಲಿದೆ". ಕೋಣೆ ಆಗಿಲ್ಲ. ಕಾರಣ ಬರೆದು ಕೊಟ್ಟಿಲ್ಲ. ಗುಡಿಸೋ ಅಕ್ಕಂದಿರಲ್ಲಿ ಇಬ್ಬರಿಗೆ ಏಜೆನ್ಸಿಯವರು ಬರಬೇಡಿ ಅಂದಿದಾರೆ, ಅದಕ್ಕೆ ಬೇರೆ ಹೋರಾಟ ನಡೀತಿದೆ.

ಈಗ ಕಾನೂನಿನ ಮಾತು. ದೊಡ್ಡ ಕಾರ್ಖಾನೆಯೋ ಗಣಿಯೋ ಬರಬೇಕಾದ್ರೆ 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ಸಾರ್ವಜನಿಕ ಅಹವಾಲು ನಡೆಸಬೇಕು, ಅದಕ್ಕೆ 30 ದಿನ ಮುಂಚೆ ನೋಟಿಸ್ ಕೊಡಬೇಕು. ಆ ಸಭೆಗಳು ಹೇಗೆ ನಡೀತವೆ ಅನ್ನೋದು ಬೇರೆ ಮಾತು, ಕೇಳಬೇಕು ಅನ್ನೋ ನಿಯಮವಾದ್ರೂ ಇದೆ. ಹೆರಿಗೆ ವಿಭಾಗ ಎತ್ತೋಕೆ ಅಂಥ ಸಭೆ ನಮ್ಮ ಹೋಬಳಿಯಲ್ಲಿ ಯಾರೂ ನಡೆಸಲಿಲ್ಲ.

ಆದರೆ ನಮ್ಮ ಕೈ ಪೂರ್ತಿ ಖಾಲಿ ಇಲ್ಲ. ಮಾಹಿತಿ ಹಕ್ಕು ಕಾಯ್ದೆ 2005 ಅಂದ್ರೆ ಅರ್ಜಿ ಹಾಕೋದು ಅಷ್ಟೇ ಅಂತ ತಿಳ್ಕೊಂಡಿದೀವಿ. ಅದರ 4(1)(ಸಿ) ಓದಿ. ಜನರ ಮೇಲೆ ಪರಿಣಾಮ ಆಗೋ ತೀರ್ಮಾನ ಪ್ರಕಟಿಸುವಾಗ ಅದಕ್ಕೆ ಸಂಬಂಧಪಟ್ಟ ಎಲ್ಲಾ ಸಂಗತಿಗಳನ್ನ ಇಲಾಖೆ ತಾನಾಗಿಯೇ ಪ್ರಕಟಿಸಬೇಕು. 4(1)(ಡಿ) ಪ್ರಕಾರ ಆಡಳಿತಾತ್ಮಕ ತೀರ್ಮಾನಕ್ಕೆ ಕಾರಣ ಏನು ಅಂತ ಬಾಧಿತರಿಗೆ ತಿಳಿಸಬೇಕು. ಅಂದ್ರೆ ನಮ್ಮ ಐದನೇ ಬೇಡಿಕೆ ಬೇಡಿಕೆಯೇ ಅಲ್ಲ, ಅದು ಅವರ ಕರ್ತವ್ಯ. ಈ ಎರಡು ಕಲಮುಗಳನ್ನ ಬರೆದು ಅರ್ಜಿ ಕೊಟ್ಟಿದೀವಿ. ಗಡುವಿನೊಳಗೆ ಉತ್ತರ ಬರಲಿಲ್ಲ, ಮೊದಲ ಮೇಲ್ಮನವಿ ಹಾಕಿದೀವಿ.

ಬೇರೆ ಕಡೆ ಇದು ಹೇಗಿದೆ ಅಂತ ಹುಡುಕಿದಾಗ ಒಂದು ಒಳ್ಳೇ ಅಳತೆಗೋಲು ಸಿಕ್ಕಿತು. ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯನ್ನ ಬದಲಾಯಿಸೋವಾಗ ಬಳಸೋ ಜನರನ್ನ ಒಳಗೊಳ್ಳಬೇಕು ಅಂತ ಕಾನೂನೇ ಇದೆ. ಒಳಗೊಳ್ಳೋದು ಅಂದ್ರೆ ಏನು ಅನ್ನೋದಕ್ಕೆ ಅಲ್ಲಿನ ಕೋರ್ಟುಗಳು ನಾಲ್ಕು ಮಾತು ಬಳಸ್ತವೆ. ಅದು ಹುಟ್ಟಿದ್ದು 1985ರಲ್ಲಿ, ಲಂಡನ್ನಿನ ಬ್ರೆಂಟ್ ಅನ್ನೋ ಕಡೆ ಶಾಲೆ ಮುಚ್ಚೋ ವಿಚಾರದಲ್ಲಿ ನಡೆದ ಗನ್ನಿಂಗ್ ಪ್ರಕರಣದಲ್ಲಿ. ತೀರ್ಮಾನ ಗಟ್ಟಿಯಾಗೋಕೆ ಮುಂಚೆನೇ ಕೇಳಬೇಕು. ಯೋಚಿಸಿ ಉತ್ತರ ಕೊಡೋಕೆ ಬೇಕಾದಷ್ಟು ಕಾರಣ, ವಿವರ ಕೊಡಬೇಕು. ಸಾಕಷ್ಟು ಸಮಯ ಕೊಡಬೇಕು. ಜನ ಹೇಳಿದ್ದನ್ನ ತೀರ್ಮಾನ ಮಾಡೋವಾಗ ಮನಸ್ಸಿಟ್ಟು ಪರಿಗಣಿಸಬೇಕು. ಅಲ್ಲಿ ಎಲ್ಲಾ ಸ್ವರ್ಗ ಅಂತ ಅಲ್ಲ, ಅಲ್ಲೂ ಆಸ್ಪತ್ರೆ ಮುಚ್ಚೋದು ನಡೀತದೆ, ಜಗಳ ನಡೀತವೆ. ಆದರೆ ಈ ನಾಲ್ಕನ್ನ ನಮ್ಮ ಹೋಬಳಿಗೆ ಹಿಡಿದು ನೋಡಿ. ಮುಂಚೆ ಕೇಳಿದ್ರಾ? ಇಲ್ಲ. ಕಾರಣ ಕೊಟ್ರಾ? ಇಲ್ಲ. ಸಮಯ? ಟೆಂಪೋ ಬಂದು ನಿಂತಿತ್ತು. ಪರಿಗಣನೆ? ಒಂದೂವರೆ ತಿಂಗಳ ಮೇಲೆ, ಅದೂ ಅಲೆದು ಅಲೆದು. ಈ ನಾಲ್ಕಕ್ಕೆ ಐದನೇದಾಗಿ ನಮ್ಮದೊಂದು ಸೇರಿಸ್ತೀನಿ: ಕೇಳೋಕೆ ಕೇರಿಗೆ ಬರಬೇಕು.

ಇದು ಒಂದು ಹೋಬಳಿ ಕತೆ ಅಂತ ಬಿಡಬೇಡಿ. ನೀತಿ ಆಯೋಗ 2020ರಲ್ಲಿ ಜಿಲ್ಲಾ ಆಸ್ಪತ್ರೆಗಳನ್ನ ಖಾಸಗಿ ಮೆಡಿಕಲ್ ಕಾಲೇಜುಗಳ ಜೊತೆ ಸೇರಿಸೋ ಮಾದರಿ ಒಪ್ಪಂದ ಮುಂದಿಟ್ಟಿತು. ಅದರಲ್ಲಿ ಇದ್ದದ್ದು 60 ವರ್ಷದ ಅವಧಿ, ಹಾಸಿಗೆಗಳಲ್ಲಿ ಒಂದು ಭಾಗ ಮಾರುಕಟ್ಟೆ ದರಕ್ಕೆ. 60 ವರ್ಷ ಅಂದ್ರೆ ಇವತ್ತು ಹುಟ್ಟಿದ ಮಗು ಮುದುಕ ಆಗೋ ತನಕ. ವಿಜಯಪುರದಲ್ಲಿ 2025ರಲ್ಲಿ ಜನ ತಿಂಗಳುಗಟ್ಟಲೆ ಧರಣಿ ಕೂತದ್ದು ಯಾಕೆ? ಮೆಡಿಕಲ್ ಕಾಲೇಜು ಸರ್ಕಾರದ್ದೇ ಆಗಬೇಕು, ಖಾಸಗಿ ಸಹಭಾಗಿತ್ವ ಬೇಡ ಅಂತ. ಮುಂಚೆನೇ ಕೂರಿಸಿ ಕೇಳೋ ವ್ಯವಸ್ಥೆ ಇಲ್ಲದ ಕಡೆ ಜನಕ್ಕೆ ಉಳಿಯೋದು ಬೀದಿ ಒಂದೇ. ಬೀದಿಯಲ್ಲಿ ಕೂರೋ ಶಕ್ತಿ ಇಲ್ಲದೋರ ಮಾತು ಅಲ್ಲೂ ಕೇಳಿಸಲ್ಲ.

ನಿಮ್ಮ ಕಡೆ ಇಂಥದ್ದು ನಡೀತಿದ್ರೆ, ಅಥವಾ ನಡೆಯೋ ಸುಳಿವಿದ್ರೆ, ಇಷ್ಟು ಮಾಡಿ.

ಆರೋಗ್ಯ ರಕ್ಷಾ ಸಮಿತಿಯಲ್ಲಿ ಪರಿಶಿಷ್ಟ ಸದಸ್ಯರು ಯಾರು, ಮಹಿಳಾ ಸದಸ್ಯರು ಯಾರು ಅಂತ ಕೇಳಿ ತಿಳ್ಕೊಳ್ಳಿ. ನಡಾವಳಿ ಪುಸ್ತಕದ ನಕಲು ಪಡೀರಿ. ಗ್ರಾಮಸಭೆಯಲ್ಲಿ ಆಸ್ಪತ್ರೆ ವಿಚಾರವನ್ನ ಠರಾವು ಮಾಡಿಸಿ. ಗ್ರಾಮಸಭೆಗೆ ಹೆಣ್ಣುಮಕ್ಕಳೂ ಪರಿಶಿಷ್ಟರೂ ಇಷ್ಟು ಪ್ರಮಾಣದಲ್ಲಿ ಹಾಜರಿರಬೇಕು ಅಂತ ಪಂಚಾಯತ್ ರಾಜ್ ಕಾನೂನಿನಲ್ಲೇ ಇದೆ. ಗುಡಿ ಜಗುಲಿ ಮೇಲೆ ಸಭೆ ಇಟ್ಟು ನಮ್ಮವರನ್ನ ದೂರ ನಿಲ್ಲಿಸಿದ್ರೆ ಅದನ್ನೂ ಬರೆಸಿ. ಮಾಹಿತಿ ಹಕ್ಕು ಅರ್ಜಿಯಲ್ಲಿ 4(1)(ಸಿ), 4(1)(ಡಿ) ಅಂತ ಸ್ಪಷ್ಟವಾಗಿ ನಮೂದಿಸಿ. ಎಲ್ಲಕ್ಕಿಂತ ಮೊದಲು, ಮನವಿ ಪತ್ರ ಬರೆಯೋಕೆ ಮುಂಚೆ, ಆ ಆಸ್ಪತ್ರೆಯಲ್ಲಿ ಹೆತ್ತ ಹೆಂಗಸರನ್ನ, ಅಲ್ಲಿ ಗುಡಿಸೋ ಅಕ್ಕಂದಿರನ್ನ, ಆಶಾ ಕಾರ್ಯಕರ್ತೆಯರನ್ನ ಅವರ ಬಿಡುವಿನ ಹೊತ್ತಲ್ಲಿ ಕೂರಿಸಿ ಕೇಳಿ. ಅವರು ನಿಮ್ಮ ಬೇಡಿಕೆಗೆ ವಿರುದ್ಧವಾಗಿ ಹೇಳಿದ್ರೂ ಬರೆದುಕೊಳ್ಳಿ.

ಡಾಕ್ಟ್ರು ಎಷ್ಟು ಜನ ಬೇಕು, ರಕ್ತ ಎಲ್ಲಿಡಬೇಕು ಅನ್ನೋದು ತಜ್ಞರಿಗೆ ಗೊತ್ತು, ಅದನ್ನ ನಾವು ಕಲಿಸೋಕೆ ಹೋಗ್ತಿಲ್ಲ. ಬಸ್ಸು ಎಷ್ಟು ಹೊತ್ತಿಗೆ ನಿಲ್ತದೆ, ಯಾವ ಬೀದಿ ಅಂತ ಕೇಳಿದಾಗ ಹೊಟ್ಟೆಯಲ್ಲಿ ಏನಾಗ್ತದೆ ಅನ್ನೋದು ನಮಗೆ ಗೊತ್ತು. ಎರಡೂ ಒಂದೇ ಮೇಜಿನ ಮೇಲೆ ಬರಬೇಕು, ಆದೇಶ ಟೈಪ್ ಆಗೋಕೆ ಮುಂಚೆ.

ಆರು ತಿಂಗಳ ಲೆಕ್ಕ ಓದೋ ದಿನ ಇನ್ನೇನು ಬರ್ತದೆ. ಇಲಾಖೆಯವರು ಬರ್ತಾರೋ ಇಲ್ಲವೋ, ಆಶಾ ಅಕ್ಕ ತನ್ನ ಪುಸ್ತಕದಲ್ಲಿ ದಿನಾಂಕ, ಹೊತ್ತು, ಗಾಡಿ ಬಂದ ಸಮಯ ಎಲ್ಲಾ ಬರೆದಿಟ್ಟಿದಾರೆ. ಅವರು ಓದದಿದ್ರೆ ನಾವೇ ಓದ್ತೀವಿ. ಏನು ಬಂತು ಅಂತ ಇಲ್ಲೇ ಬರೀತೀನಿ.

ನಿಮ್ಮ ಹೋಬಳಿಯಲ್ಲಿ ಏನಾಗಿದೆ, ಯಾರನ್ನ ಕೇಳಿದ್ರು, ಕಮೆಂಟಲ್ಲಿ ತಿಳಿಸಿ. ಡಾಕ್ಟ್ರ ಹೆಸರು, ರೋಗಿ ಹೆಸರು ಹಾಕಬೇಡಿ. ನಮ್ಮ ಜಗಳ ವ್ಯಕ್ತಿಗಳ ಜೊತೆ ಅಲ್ಲ.

ಜೈ ಭೀಮ್.